ಬಾವಲಿಯ ಮೇಲೆ ಬಿದ್ದ ಶಾಲು

ನಾನು ನಿಂತಿದ್ದದ್ದು ಅಕ್ಕನ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ. ಕೈ ಚಾಚಿದರೆ ಅವರ ಭುಜ ಸಿಗುತ್ತಿತ್ತು. ಒಂದು ಕೈಯಲ್ಲಿ ದೀಪದ ಸ್ಟ್ಯಾಂಡ್ ಹಿಡಿದಿದ್ದೆ. ಜಾಗ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್. ಮೊದಲು ಟೈಲ್ಸಿನ ಗೋದಾಮಾಗಿದ್ದ ಕಟ್ಟಡದೊಳಗೆ ಆಮೇಲೆ ಕಟ್ಟಿದ ಕಾಡು, ಅದರೊಳಗೆ ಬಾವಲಿಗಳ ಕತ್ತಲೆ ಕೋಣೆ. ಅಕ್ಟೋಬರ್ ಕೊನೆಯ ಒಂದು ಭಾನುವಾರ. ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆಗಿ ಸ್ವಲ್ಪ ಹೊತ್ತಾಗಿತ್ತು.

ಇಷ್ಟನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣ ಉಂಟು. ಆ ಕೋಣೆಯಲ್ಲಿ ಹಿಡಿಯುವ ಜನಕ್ಕಿಂತ ಹೆಚ್ಚು ಜನ ಆಮೇಲೆ ತಾವು ಅಲ್ಲಿದ್ದೆವು ಎಂದರು. ಹೊರಗೆ ಕ್ಯಾಂಟೀನಿನ ಮುಂದೆ ಹೌಸಿ, ಅಂದರೆ ತಂಬೋಲ, ಆಡುತ್ತಿದ್ದವರೂ ನೋಡಿದ್ದರಂತೆ. ನಾನು ಕಂಡದ್ದನ್ನು ಬರೆಯುತ್ತೇನೆ. ನನ್ನ ದೀಪ ಒಂದೇ ಕಡೆಗೆ ತಿರುಗಿತ್ತು. ಅದರ ಬೆಳಕಿನಲ್ಲಿ ಇದ್ದದ್ದು ಚೆನ್ನಾಗಿ ಕಂಡಿತು, ಆಚೆ ಕತ್ತಲಲ್ಲಿ ಕೂತವರ ಮುಖ ಕಾಣಲಿಲ್ಲ.

ಆ ಕಾಡಿನಲ್ಲಿ ನಾನು ದೀಪ, ಧ್ವನಿ, ಪರದೆ ನೋಡಿಕೊಳ್ಳುವವನು. ಈಗಲೂ ಅದೇ ಕೆಲಸ. ಶಾಲೆಗಳ ಬಸ್ಸುಗಳು ಬರುತ್ತವೆ. ಮಕ್ಕಳು ಪ್ಲಾಸ್ಟಿಕ್ ಬಳ್ಳಿಗಳ ನಡುವೆ ನಿಜವಾದ ಬಳ್ಳಿ ಯಾವುದೆಂದು ಹುಡುಕುತ್ತಾರೆ, ಜಲಪಾತದ ಮುಂದೆ ಸೆಲ್ಫಿ ತೆಗೆಯುತ್ತಾರೆ, ಕೊನೆಗೆ ಕತ್ತಲೆ ಕೋಣೆಗೆ ಬರುತ್ತಾರೆ. ಅಲ್ಲಿ ಹಗಲು ರಾತ್ರಿಯನ್ನು ನಾವು ತಿರುಗಿಸಿ ಇಟ್ಟಿದ್ದೇವೆ. ಹೊರಗೆ ಬಿಸಿಲಿರುವಾಗ ಒಳಗೆ ನಸುಗತ್ತಲು, ಹೊರಗೆ ಕತ್ತಲಾದ ಮೇಲೆ ಒಳಗೆ ಬೆಳಕು. ಬಾವಲಿಗಳು ಅದನ್ನು ನಂಬಿ ಬದುಕುತ್ತವೆ.

ಆ ಕೋಣೆ ಅಕ್ಕನದು. ಅವರು ಕಾರ್ಕಳದ ಕಡೆಯವರು. ಪ್ರಾಣಿಶಾಸ್ತ್ರ ಓದಿ, ದುಬೈಯ ಅಲ್ ಕುಸೈಸ್‌ನ ಒಂದು ಶಾಲೆಯಲ್ಲಿ ಬಹಳ ಕಾಲ ಜೀವಶಾಸ್ತ್ರ ಕಲಿಸಿ, ಆಮೇಲೆ ಇಲ್ಲಿಗೆ ಬಂದವರು. ಸಿಬ್ಬಂದಿಯೆಲ್ಲ ಅಕ್ಕ ಎನ್ನುತ್ತಿದ್ದೆವು, ಬರುವ ಮಕ್ಕಳಿಗೆ ಬ್ಯಾಟ್ ಆಂಟಿ. ಮೇಷ್ಟ್ರಿಕೆ ಅವರ ನಾಲಗೆಯಿಂದ ಹೋಗಿರಲಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. ಯಾರೂ ಹೇಳದಿದ್ದರೆ ಇನ್ನೂ ಕಾಯುತ್ತಿದ್ದರು.

ಕೋಣೆಯ ಬಾಗಿಲಲ್ಲಿ ಗೋಡೆಯ ಮೇಲೆ ನಾಲ್ಕಾರು ಮಾದರಿಗಳಿವೆ. ಹಾರುವ ಓತಿ, ಹಾರುಬೆಕ್ಕು ಎನ್ನುವ ದೊಡ್ಡ ಅಳಿಲು, ಹಾರುವ ಕಪ್ಪೆ. ಅಕ್ಕ ಮಕ್ಕಳನ್ನು ಮೊದಲು ಅಲ್ಲೇ ನಿಲ್ಲಿಸುವರು.

"ಇದ್ರಲ್ಲಿ ಹಾರುವುದು ಯಾವುದು?"

"ಆಲ್ ಆಫ್ ದೆಮ್!"

"ಒಂದೂ ಇಲ್ಲ. ಇವು ಮೇಲಿಂದ ಕೆಳಗೆ ತೇಲಿಕೊಂಡು ಹೋಗುವುದು. ಕೆಳಗಿಂದ ಮೇಲೆ ಹೋಗ್ಲಿಕ್ಕೆ ಆಗುದಿಲ್ಲ."

"ದೆನ್ ವೈ ಆರ್ ದೇ ಕಾಲ್ಡ್ ಫ್ಲೈಯಿಂಗ್, ಆಂಟಿ?"

"ನೀನು ದಿನಾ ಹೋಮ್‌ವರ್ಕ್ ಮಾಡಿದೆ ಅಂತ ಹೇಳ್ತೀಯಲ್ಲ, ಹಾಗೆ."

ನಗು ಮುಗಿದ ಮೇಲೆ ವ್ಯತ್ಯಾಸ ತೋರಿಸುವರು. ಓತಿಯ ಪೊರೆ ಪಕ್ಕೆಲುಬಿನ ಮೇಲೆ ನಿಂತದ್ದು. ಎಲುಬು ಹೊರಗೆ ಚಾಚಿದರೆ ಚರ್ಮ ಬಿಚ್ಚಿಕೊಳ್ಳುತ್ತದೆ, ಒಳಗೆ ಎಳೆದರೆ ಮೈಗೆ ಅಂಟಿ ಕೂರುತ್ತದೆ. ಹಾರುಬೆಕ್ಕಿನದು ಮುಂಗಾಲಿನ ಮಣಿಕಟ್ಟಿನಿಂದ ಹಿಂಗಾಲಿನ ವರೆಗೆ ಪಕ್ಕದುದ್ದಕ್ಕೂ ಇರುವ ಸಡಿಲ ಚರ್ಮ. ಕೂತಿರುವಾಗ ಅದು ದೊಗಳೆ ಅಂಗಿಯ ಹಾಗೆ ಮುದುಡಿರುತ್ತದೆ, ನೋಡಿದವರಿಗೆ ಹಾರುವ ಪ್ರಾಣಿ ಎನಿಸುವುದೇ ಇಲ್ಲ. ಕಪ್ಪೆಯದು ಬೆರಳುಗಳ ನಡುವೆ ಮಾತ್ರ. "ಬಾವಲಿಯದ್ದು ಬೇರೆ. ಅದಕ್ಕೆ ರೆಕ್ಕೆ ಅಂತ ಬೇರೆ ಇಲ್ಲ. ಅದು ಕೈ. ನಿಮ್ಮದೇ ಹಾಗೆ ಹೆಬ್ಬೆರಳು, ನಾಲ್ಕು ಬೆರಳು. ಬೆರಳು ಮಾತ್ರ ಕೊಡೆಯ ಕಡ್ಡಿಯಷ್ಟು ಉದ್ದ, ಮಧ್ಯೆ ಚರ್ಮ. ಅದು ಕೈಯಲ್ಲಿ ಹಾರುವುದು."

ಆಮೇಲೆ ಒಳಗೆ ಬಂದು ಒಂದು ಬಾವಲಿಯನ್ನು ತರುವರು. ನಮ್ಮಲ್ಲಿದ್ದವು ಹಣ್ಣು ತಿನ್ನುವ ಕಂದು ಬಾವಲಿಗಳು, ಈ ದೇಶದ ಖರ್ಜೂರದ ತೋಟಗಳಲ್ಲೂ ಬರುವ ಜಾತಿ. ಬಲಗೈಯಲ್ಲಿ ಟವೆಲ್ಲಿನೊಳಗೆ ಅದರ ಮೈಯನ್ನು ಎದೆಗೆ ಆನಿಸಿಕೊಂಡು, ಎಡಗೈಯಿಂದ ಅದರ ಮುಂಗೈ ಎಲುಬನ್ನು ಹಿಡಿದು ನಿಧಾನ ಬಿಚ್ಚುವರು. ಬೆರಳನ್ನು ಎಳೆಯುವಂತಿಲ್ಲ. ಮುಂಗೈ ಚಾಚಿದರೆ ಬೆರಳುಗಳು ತಾವಾಗಿ ಬಿಚ್ಚುತ್ತವೆ. ಆಗ ನಾನು ಹಿಂದಿನಿಂದ ದೀಪ ಹಾಕಬೇಕು. ಹೆಚ್ಚು ಹತ್ತಿರ ಹೋದರೆ ಬೈಗುಳ: "ಎಂತ ಮಾರಾಯ, ಅದಕ್ಕೂ ಕಣ್ಣಿಲ್ವಾ? ಹಿಂದೆ ಹೋಗು."

ದೀಪ ಹಾಕಿದಾಗ ಕಾಣುತ್ತಿದ್ದುದನ್ನು ನಾನು ನೂರಾರು ಸಲ ನೋಡಿದ್ದೇನೆ, ಬೇಸರ ಬಂದದ್ದಿಲ್ಲ. ಕಪ್ಪಗೆ ಕಂಡಿದ್ದ ಚರ್ಮ ಬೆಳಕಿಗೆ ಕೆಂಪುಗಂದು ಆಗುತ್ತದೆ, ಬಿಸಿಲಿಗೆ ಹಿಡಿದ ಬಾಳೆಯ ಸುಳಿಯಂತೆ ತೆಳ್ಳಗೆ. ಅದರೊಳಗೆ ಕವಲೊಡೆಯುತ್ತ ಹೋಗುವ ರಕ್ತನಾಳಗಳು. ಗಮನವಿಟ್ಟು ನೋಡಿದರೆ ಅವು ಮಿಡಿಯುವುದು ಕಾಣುತ್ತದೆ. ಅಡ್ಡಡ್ಡ ಹೋದ ಸಣ್ಣ ಗೆರೆಗಳು ಸ್ನಾಯು. ಅವು ಇರುವುದರಿಂದಲೇ ಪೊರೆ ಗಾಳಿಗೆ ಪಟಪಟ ಹೊಡೆದುಕೊಳ್ಳದೆ ಬಿಗಿಯಾಗಿ ನಿಲ್ಲುವುದು. ಮುಚ್ಚಿದಾಗ ನೆರಿಗೆ ನೆರಿಗೆಯಾಗಿ ಮೈಗೆ ಸುತ್ತಿಕೊಳ್ಳುವುದೂ ಅದರಿಂದಲೇ. ರೆಕ್ಕೆಯ ಮೇಲ್ತುದಿಯಲ್ಲಿ ಹೆಬ್ಬೆರಳು ಪೊರೆಯಿಂದ ಹೊರಗೆ ನಿಂತಿರುತ್ತದೆ. ಅದಕ್ಕೊಂದು ಕೊಕ್ಕೆಯುಗುರು. ಬಾವಲಿ ಹತ್ತುವುದು, ತೆವಳುವುದು, ಹಣ್ಣು ಹಿಡಿಯುವುದು ಎಲ್ಲ ಅದರಲ್ಲಿ.

ಹೊಸಬರಿಗೆ ಕಲಿಸುವಾಗ ಅಕ್ಕ ಮತ್ತೆ ಮತ್ತೆ ಹೇಳುತ್ತಿದ್ದ ನಿಯಮ ಒಂದಿತ್ತು. ರೆಕ್ಕೆ ಎಲ್ಲಿಯಾದರೂ ಸಿಕ್ಕಿಕೊಂಡರೆ, ಬಲೆಗೋ ಬಟ್ಟೆಗೋ ಯಾರದಾದರೂ ಕೈಗೋ, ನಾವು ಹಿಡಿದದ್ದನ್ನು ತಕ್ಷಣ ಬಿಡಬೇಕು. ಆ ಕಡೆಯೂ ಹಿಡಿದು ಈ ಕಡೆಯೂ ಹಿಡಿದರೆ ನಡುವೆ ಇರುವುದು ಚರ್ಮ. ಅದು ಅಂಚಿನಿಂದ ಹರಿಯಲು ಶುರುವಾದರೆ ಬೆರಳೆಲುಬು ಮುರಿಯುವ ತನಕ ಹೋಗುತ್ತದೆ. ಕೈ ಬಿಟ್ಟರೆ ಬಾವಲಿ ಬಿದ್ದೀತು. ನೆಲಕ್ಕೆ ರಬ್ಬರ್ ಹಾಸಿದೆ. ಬಿದ್ದ ಬಾವಲಿಯನ್ನು ಎತ್ತಿಕೊಳ್ಳಬಹುದು. ಈ ಮಾತನ್ನು ನಮ್ಮ ಮ್ಯಾನೇಜರ್ ಎದುರಿಗೂ ಹೇಳಿದ್ದರು. ಅವರು ಮೈಸೂರಿನವರು, ಮೃದು ಮಾತಿನವರು. "ಬ್ಯೂಟಿಫುಲ್, ಇದನ್ನ ಟ್ರೈನಿಂಗ್‌ನಲ್ಲಿ ಹಾಕ್ಕೊಳ್ಳೋಣ" ಎಂದಿದ್ದರು. ಇದು ನನಗೆ ನೆನಪಿದೆ. ಅವರಿಗೆ ಆಮೇಲೆ ನೆನಪಾಗಲಿಲ್ಲ.

ಅಕ್ಕನ ಮನೆಯ ಸ್ಥಿತಿ ಎಲ್ಲರಿಗೂ ಗೊತ್ತಿತ್ತು. ಗಂಡನ ಕಂಪನಿ ಮುಚ್ಚಿ ಅವರು ಮನೆಯಲ್ಲಿದ್ದರು. ಗಂಡನ ವೀಸಾ, ಮಗಳ ವೀಸಾ ಎರಡೂ ಅಕ್ಕನ ವೀಸಾದ ಮೇಲೆ. ಮಗಳು ಹತ್ತನೆಯ ತರಗತಿ. ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. "ಅದೊಂದು ಮುಗಿದ್ರೆ ಸಾಕು, ಆಮೇಲೆ ಎಂತ ಆದರೂ ಆಗಲಿ" ಎಂದು ಅಕ್ಕ ಬಾವಲಿಗಳಿಗೆ ಪಪ್ಪಾಯ ಹೆಚ್ಚುತ್ತಾ ಹೇಳುತ್ತಿದ್ದರು. ಎಂತ ಆದರೂ ಎಂದು ಹೇಳುವಾಗ ಅವರ ಮನಸ್ಸಿನಲ್ಲಿ ಏನಿತ್ತೋ, ಇದಂತೂ ಇರಲಿಕ್ಕಿಲ್ಲ.

ಆ ಭಾನುವಾರ ನಮ್ಮ ಜಿಲ್ಲೆಯವರ ಸಂಘದ ಕುಟುಂಬ ದಿನ. ಬಸ್ಸು, ಊಟ, ಬ್ಯಾನರು ಎಲ್ಲದರ ಪ್ರಾಯೋಜಕರು ಒಬ್ಬರೇ. ದೊಡ್ಡ ಉದ್ಯಮಿ. ಸಂಘದಲ್ಲಿ ಅವರನ್ನು ಧಣಿ ಎನ್ನುತ್ತಾರೆ. ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. ಅವರ ಪರಿಚಯದ ಶಾಲೆಗಳಿಂದಲೇ ನಮ್ಮ ಕಾಡಿಗೆ ವರ್ಷವಿಡೀ ಬಸ್ಸುಗಳು ಬರುತ್ತಿದ್ದವು. ಹಾಗಾಗಿ ಆ ದಿನ ಮ್ಯಾನೇಜರ್ ರಜೆಯಿದ್ದರೂ ಬಂದು ಬಾಗಿಲಲ್ಲಿ ನಿಂತಿದ್ದರು.

ನಮ್ಮ ಜನ ನಾಲ್ಕು ಮಂದಿ ಸೇರಿದರೆ ಸನ್ಮಾನ ಆಗಲೇಬೇಕು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಮರಳುಗಾಡಿಗೆ ಬಂದರೂ ಅದನ್ನು ಬಿಟ್ಟಿಲ್ಲ. ಬೆಳಗಿನಿಂದ ಎಂಟೋ ಹತ್ತೋ ಜನಕ್ಕೆ ಆಗಿತ್ತು. ಅಡುಗೆಯವರಿಗೂ ಆಯಿತು. ಪೆಟ್ಟಿಗೆಯಲ್ಲಿ ಇನ್ನೂ ಒಂದು ಶಾಲು ಉಳಿದಿತ್ತು. ಅದು ಯಾರಿಗೆ ಎಂದು ಸಂಘದ ಕಾರ್ಯದರ್ಶಿಗೆ ಕತ್ತಲೆ ಕೋಣೆಯಲ್ಲಿ ಅಕ್ಕನ ಮಾತು ಕೇಳುವಾಗ ಹೊಳೆದಿರಬೇಕು.

ಅಕ್ಕ ಆಗ ರೆಕ್ಕೆ ಬಿಚ್ಚಿ ತೋರಿಸುತ್ತಿದ್ದರು. ನನ್ನ ದೀಪ ಹೊತ್ತಿತ್ತು. ಮಕ್ಕಳು ಮುಂದೆ ನೆಲದ ಮೇಲೆ ಕೂತಿದ್ದರು, ಅವರಲ್ಲಿ ಅಕ್ಕನ ಮಗಳೂ ಇದ್ದಳು. ನನ್ನ ಹಿಂದೆ ಗಿಡಬಳ್ಳಿ ನೋಡಿಕೊಳ್ಳುವ ತ್ರಿಶೂರಿನ ಹಿರಿಯ, ನಾವೆಲ್ಲ ಚೇಟ, ಅಂದರೆ ಅಣ್ಣ, ಎನ್ನುತ್ತಿದ್ದವರು, ಹಣ್ಣಿನ ತಟ್ಟೆ ಹಿಡಿದು ನಿಂತಿದ್ದರು. ಕಾರ್ಯದರ್ಶಿ ಮೈಕಿಲ್ಲದಿದ್ದರೂ ಮೈಕಿನ ಸ್ವರದಲ್ಲಿ ಶುರು ಮಾಡಿದರು.

"ನಮ್ಮ ಊರಿನ ಹೆಮ್ಮೆಯ ಮಗಳು, ಈ ಮೂಕಪ್ರಾಣಿಗಳ ತಾಯಿ..."

"ಅಯ್ಯೋ, ಈಗ ಎಂತಕ್ಕೆ ಅದೆಲ್ಲ?" ಎಂದರು ಅಕ್ಕ. ನಾಚಿಕೆಯಿಂದ ನಕ್ಕರು. ಖುಷಿಯೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮಗಳು ಮುಂದೆಯೇ ಕೂತಿದ್ದಳಲ್ಲ.

"ಧಣಿಗಳು ಬರ್ಬೇಕು. ಶಾಲು ತನ್ನಿ."

"ಪೇಟ ಬಾವಲಿಗೂ ಒಂದು ಇರ್ಲಿ ಮಾರಾಯ್ರೆ!" ಕತ್ತಲಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಅಕ್ಕ ಸ್ಪಷ್ಟವಾಗಿ ಹೇಳಿದರು: "ಒಂದು ನಿಮಿಷ, ಇದನ್ನು ಗೂಡಿಗೆ ಬಿಟ್ಟು ಬರ್ತೇನೆ."

"ಬೇಡ ಬೇಡ, ಅದು ಇರ್ಲಿ, ಅದೇ ಫೋಟೋಕ್ಕೆ ಚಂದ" ಎಂದರು ಕಾರ್ಯದರ್ಶಿ. ಅಕ್ಕ ಬಾಗಿಲ ಕಡೆ ಮ್ಯಾನೇಜರನ್ನು ನೋಡಿದರು. ಅವರು ಕೈಯೆತ್ತಿ, ಇರಲಿ ಎಂಬಂತೆ ಸನ್ನೆ ಮಾಡಿದರು. ಬಾಗಿಲಲ್ಲಿ ಹಸಿರು ದೀಪದ ಬೆಳಕಿರುತ್ತದೆ. ಆ ಕೈ ನನಗೆ ಕಂಡಿದೆ.

ಧಣಿ ಅಕ್ಕನ ಬಲಕ್ಕೆ ಬಂದು ನಿಂತರು. ಶಾಲನ್ನು ಬೆನ್ನ ಹಿಂದಿನಿಂದ ಹೊದಿಸಿ, ಎರಡೂ ತುದಿ ಎರಡೂ ಕೈಯಲ್ಲಿ ಹಿಡಿದು ಕ್ಯಾಮೆರಾ ಕಡೆ ತಿರುಗಿದರು. ಎಲ್ಲ ಸನ್ಮಾನದ ಫೋಟೋಗಳಲ್ಲೂ ಇರುವ ಭಂಗಿ. ಅವರ ಎಡಗೈ ಅಕ್ಕನ ಬೆನ್ನು ಬಳಸಿ ನನ್ನ ಕಣ್ಣ ಮುಂದೆ ಬಂತು. ಎಡತುದಿಯ ಜರಿ ಅಂಚು ಬಿಚ್ಚಿದ ರೆಕ್ಕೆಯ ಮೇಲೆ ಬಿತ್ತು. ಅಗ್ಗದ ಜರಿ, ಹಿಂಬದಿಯಲ್ಲಿ ನೂಲು ಬಲೆಯಂತೆ ಸಡಿಲವಾಗಿ ಇರುತ್ತದೆ. ಬಾವಲಿಯ ಹೆಬ್ಬೆರಳಿನ ಉಗುರು ಅದರಲ್ಲಿ ಸಿಕ್ಕಿಕೊಂಡಿತು.

ಅದು ಬೆದರಿ ಕೈ ಒಳಗೆಳೆಯಿತು. ಬರಲಿಲ್ಲ. ಅಕ್ಕ ಎಡಗೈಯನ್ನು ರೆಕ್ಕೆಯಿಂದ ತೆಗೆದು ಉಗುರು ಬಿಡಿಸಲು ಹೋದರು. ಅಷ್ಟರಲ್ಲಿ ಬಲಗಡೆಯಿಂದ ಫೋನಿನಲ್ಲಿ ವೀಡಿಯೊ ತೆಗೆಯುತ್ತಿದ್ದ ಧಣಿಯ ಸೋದರಳಿಯ ಹೇಳಿದ: "ಮಾವ, ಆ ಕಡೆ ಸ್ವಲ್ಪ ಎಳೀರಿ, ಬಾರ್ಡರ್ ಕಾಣ್ಲಿ."

ಧಣಿ ಎಳೆದರು.

"ಬುಡ್ಲೆ, ಬುಡ್ಲೆ" ಎಂದು ಅಕ್ಕ ತುಳುವಿನಲ್ಲಿ ಕೂಗಿದರು. ಬಿಡಿ, ಬಿಡಿ ಎಂದು. ಧಣಿಯ ಮನೆಮಾತೂ ತುಳುವೇ. "ಒಂದು ನಿಮಿಷ" ಎಂದರು ಅವರು, ಕ್ಯಾಮೆರಾ ಕಡೆ ನಗುತ್ತಲೇ, ಹಿಡಿತ ಬಿಡದೆ. ಆಗ ರೆಕ್ಕೆಯ ಹಿಂದಿನ ಅಂಚು, ಕೊನೆಯ ಬೆರಳಿಗೂ ಮೈಗೂ ನಡುವಿನ ಜಾಗ, ಹರಿಯಿತು. ದೀಪ ಅದರ ಹಿಂದೆಯೇ ಇತ್ತು. ಕೆಂಪುಗಂದು ಚರ್ಮದಲ್ಲಿ ಬಿಳಿಯ ಬೆಳಕಿನ ಒಂದು ಗೆರೆ ಅಂಚಿನಿಂದ ಒಳಗೆ ನಡೆದು ಬಂತು. ಸದ್ದು ಬರಲಿಲ್ಲ, ಅಥವಾ ಬಂದಿದ್ದರೆ ನಗುವಿನಲ್ಲಿ ನನಗೆ ಕೇಳಲಿಲ್ಲ.

ಅಕ್ಕ ಬಲಗೈ ಬಿಚ್ಚಿದರು.

ಜಾರಿದ್ದಲ್ಲ. ಬೆರಳುಗಳನ್ನು ಅಗಲವಾಗಿ ಬಿಚ್ಚಿದರು, ಯಾರಿಗೋ ಏನೋ ಕೊಡುವವರ ಹಾಗೆ. ಟವೆಲ್ಲು ಕೆಳಗೆ ಬಿತ್ತು. ಬಾವಲಿ ಶಾಲಿನ ಕಡೆಗೆ ತೂಗಿತು, ಎಳೆತ ತಪ್ಪಿತು, ಬೆಳಕಿನ ಗೆರೆ ಅಲ್ಲಿಗೇ ನಿಂತಿತು. ಎಲುಬು ಉಳಿಯಿತು. ಧಣಿಗೆ ಆಗ ತನ್ನ ಕೈಯ ತುದಿಯಲ್ಲಿ ಏನೋ ಜೀವವಿರುವುದು ನೇತಾಡುತ್ತಿದೆ ಎಂದು ಗೊತ್ತಾಗಿ, ಹೇಸಿಗೆಯಿಂದ ಶಾಲನ್ನು ಝಾಡಿಸಿದರು. ಬಾವಲಿ ರಬ್ಬರಿನ ಮೇಲೆ ಬಿದ್ದಿತು. ಮಕ್ಕಳು ಕಿರುಚಿದರು. ಅಕ್ಕ ಮಂಡಿಯೂರಿ ತಮ್ಮ ವೇಲನ್ನು ಅದರ ಮೇಲೆ ಮುಚ್ಚಿದರು. ಪೇಟ ತೊಡಿಸುವುದು ಬಾಕಿಯಿತ್ತು. ತಂದವನು ಅದನ್ನು ಹಿಡಿದುಕೊಂಡೇ ನಿಂತಿದ್ದ.

ಪ್ರಾಣಿವೈದ್ಯರು ಬಂದು ನೋಡಿದರು. ಹೊಲಿಗೆ ಬೇಡ, ಸಣ್ಣ ಗೂಡಿನಲ್ಲಿ ಒಂದೇ ಇರಲಿ, ಕೂಡಿಕೊಳ್ಳುತ್ತದೆ ಎಂದರು. ಬಾವಲಿಯ ಪೊರೆ ಬೇಗ ಬೆಳೆಯುವ ಚರ್ಮವಂತೆ. ಹಾಗೆಯೇ ಆಯಿತು. ದಿನ ಹೋದಂತೆ ಹರಿದ ಎರಡು ಅಂಚುಗಳ ನಡುವೆ ತೆಳುವಾದ, ಬಣ್ಣವಿಲ್ಲದ ಚರ್ಮ ಬರತೊಡಗಿತು.

ಆದರೆ ವೀಡಿಯೊ ಅದಕ್ಕಿಂತ ಬೇಗ ಬೆಳೆಯಿತು. ಸೋದರಳಿಯ ನಿಂತದ್ದು ಬಲಗಡೆ. ಅವನು ಹಂಚಿದ ತುಣುಕು ಶುರುವಾಗುವುದು ‘ಎಳೀರಿ’ ಎಂದ ಅವನ ಮಾತಿನ ನಂತರ. ಅಲ್ಲಿಂದ ಶಾಲಿನ ಎಡತುದಿ ಕಾಣುವುದಿಲ್ಲ, ಅಕ್ಕನ ಭುಜ ಅಡ್ಡ. ಧಣಿಯ ನಗುಮುಖ ಕಾಣುತ್ತದೆ, ಅಕ್ಕ ಏನೋ ಕೂಗುವುದು ನಗುವಿನ ನಡುವೆ ಅಸ್ಪಷ್ಟವಾಗಿ ಕೇಳುತ್ತದೆ, ಆಮೇಲೆ ಅಕ್ಕನ ಬಲಗೈ ಬಿಚ್ಚಿಕೊಳ್ಳುತ್ತದೆ. ಪ್ರಾಣಿ ಬೀಳುತ್ತದೆ. ಮೊದಲು ವಾಟ್ಸಾಪಿನಲ್ಲಿ ನಗುವ ಮುಖದ ಎಮೋಜಿಗಳೊಂದಿಗೆ ಹಂಚಿಕೊಂಡರು. ಆಮೇಲೆ ಯಾರೋ ಬರೆದರು, ಮಕ್ಕಳ ಮೇಲೆ ಬಿದ್ದಿದ್ದರೆ? ಕಚ್ಚಿದ್ದರೆ? ಧಣಿಗೆ ರೋಗ ತಗುಲಿದ್ದರೆ? ಎರಡು ದಿನದಲ್ಲಿ ಅದು ಶಾಲೆಗಳ ತಾಯಂದಿರ ಗುಂಪುಗಳಿಗೆ ಹೋಗಿ, ಅಲ್ಲಿಂದ ದೂರಿನ ರೂಪದಲ್ಲಿ ನಮ್ಮ ಕಚೇರಿಗೆ ಬಂತು.

ಮ್ಯಾನೇಜರ್ ನನ್ನನ್ನೂ ಚೇಟನನ್ನೂ ಕರೆಸಿದರು. ನಾನು ಇಲ್ಲಿ ಬರೆದಷ್ಟನ್ನೇ, ಇದೇ ಕ್ರಮದಲ್ಲಿ ಹೇಳಿದೆ.

"ನೀವು ಶಾಲು ಎಳೆದ್ರು ಅಂತೀರಿ. ಅವರು ಸರಿ ಮಾಡ್ತಿದ್ದೆ ಅಂತಾರೆ."

"ಎಳೆದದ್ದೂ ಸರಿ ಮಾಡಿದ್ದೂ ಒಂದೇ ಕೈ ಸರ್."

"ನೋಡಿ, ನೀವೂ ಮೇಡಂ ಕೂಡ ಒಂದೇ ಊರಿನವರು. ಜನ ಏನಂದುಕೊಳ್ತಾರೆ ಯೋಚನೆ ಮಾಡಿ."

"ಧಣಿಯೂ ಅದೇ ಊರಿನವರು ಸರ್. ನೀವು ಬಾಗಿಲಲ್ಲೇ ಇದ್ರಲ್ಲ, ಬಾವಲಿ ಇರಲಿ ಅಂತ ಕೈ ಮಾಡಿದ್ರಿ."

"ನಾನು ಫೋನಲ್ಲಿದ್ದೆ" ಎಂದರು, ಮೃದುವಾಗಿಯೇ.

ಚೇಟ ತಮ್ಮ ಹಿಂದಿಯಲ್ಲಿ ಹೇಳಿದ್ದೂ ಅದನ್ನೇ. ಸಾಹೇಬರು ಎಳೆದರು, ಮೇಡಂ ಬಿಟ್ಟರು, ಬಿಟ್ಟದ್ದರಿಂದ ಉಳಿಯಿತು. ಹೊರಗೆ ಬಂದ ಮೇಲೆ ನನ್ನ ಬೆನ್ನು ತಟ್ಟಿದರು. "ಇಬ್ಬರು ಹೇಳಿದ್ದೇವೆ. ಇನ್ನೇನು ಬೇಕು? ಖಲಾಸ್." ನನಗೂ ಹಾಗೆಯೇ ಅನ್ನಿಸಿತು. ಇಬ್ಬರು ಕಣ್ಣಾರೆ ಕಂಡವರು, ಎದುರಿಗೆ ಅರ್ಧ ಕಾಣುವ ಒಂದು ವೀಡಿಯೊ.

ಆ ವಾರವೇ ಕಾರ್ಯದರ್ಶಿ ಅಕ್ಕನನ್ನೂ ಅವರ ಗಂಡನನ್ನೂ ಕರಾಮ ಬಡಾವಣೆಯ ಹೋಟೆಲಿಗೆ ಕರೆದರು. ಅಕ್ಕ ನನ್ನನ್ನೂ ಬರಲು ಹೇಳಿದರು. ಗೋಳಿಬಜೆ ಬಂತು, ಚಹಾ ಬಂತು.

"ಅಕ್ಕ, ನಿಮ್ಮ ತಪ್ಪು ಅಂತ ಯಾರು ಹೇಳಿದ್ರು? ಯಾರೂ ಹೇಳ್ಲಿಲ್ಲ" ಎಂದರು ಕಾರ್ಯದರ್ಶಿ. "ಆದ್ರೆ ಧಣಿಗೆ ಬೇಸರ ಆಗಿದೆ. ನಾಲ್ಕು ಜನರ ಎದುರು ಶಾಲು ಹಾಕ್ಲಿಕ್ಕೆ ಬಂದವರಿಗೆ ಹಾಗಾಯ್ತಲ್ಲ. ನೀವು ಒಂದು ಮಾತು ಹೇಳಿ. ಮುಗೀತು. ಅವರು ಮ್ಯಾನೇಜರಿಗೆ ಒಂದು ಫೋನ್ ಮಾಡಿದ್ರೆ ಎಲ್ಲ ಸರಿ."

"ನಾನು ಎಂತ ಅಂತ ಹೇಳ್ಬೇಕು?"

"ಕ್ಷಮಿಸಿ ಅಂತ. ನಮ್ಮವರ ಒಳಗೆ ಅದ್ರಲ್ಲಿ ಎಂತ ಉಂಟು? ನಾವು ದೇವಸ್ಥಾನದಲ್ಲಿ ದಿನಾ ಹೇಳುದಿಲ್ವಾ?"

"ದೇವರು ಶಾಲು ಎಳೆದದ್ದಲ್ಲ" ಎಂದರು ಅಕ್ಕ. ಗಂಡ ಅವರ ಕೈ ಮುಟ್ಟಿದರು. ಅವರು ಆ ದಿನ ಮಾತಾಡಿದ್ದು ಒಂದೇ: "ಫೆಬ್ರವರಿ ತನಕ ಅಲ್ವಾ ಮಾರಾಯ್ತಿ."

ಅಕ್ಕ ಒಪ್ಪಿ ಹೋದರು. ಸಂಘದ ಸಮಿತಿ ಸೇರಿದ್ದ ಹಾಲ್‌ನಲ್ಲಿ, ಅದೇ ಕರಾಮದಲ್ಲಿ, ಎಲ್ಲರ ಎದುರು ನಿಂತು ಹೇಳಿದರು: "ಅಂದು ನನ್ನಿಂದ ನಿಮಗೆ ತೊಂದರೆ ಆಯಿತು. ಕ್ಷಮಿಸಬೇಕು." ಶಾಲೆಯಲ್ಲಿ ಹಾಜರಿ ಕೂಗುವ ಧ್ವನಿ. ಧಣಿ ಎದ್ದು ಕೈಮುಗಿದರು. "ಛೆ ಛೆ, ಅದೆಂತ ದೊಡ್ಡ ವಿಷಯ? ಮನುಷ್ಯ ಅಂದ ಮೇಲೆ ಕೈ ತಪ್ಪುತ್ತದೆ. ನಾನು ಆಗಲೇ ಮರೆತಿದ್ದೇನೆ." ಚಪ್ಪಾಳೆ ತಟ್ಟಿದರು. ದೊಡ್ಡ ಮನಸ್ಸು ಎಂದು ಯಾರೋ ಹೇಳಿದರು. ಅದನ್ನೂ ಸೋದರಳಿಯ ವೀಡಿಯೊ ಮಾಡಿದ.

ಧಣಿ ಫೋನ್ ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕ್ಷಮೆ ಕೇಳಿದ ವೀಡಿಯೊ ಮಾತ್ರ ಮ್ಯಾನೇಜರಿಗೆ ತಲುಪಿತು. ನಾನು ಅವರ ಕೋಣೆಗೆ ಹೋಗಿ, ನಮ್ಮಿಬ್ಬರ ಹೇಳಿಕೆ ಏನಾಯಿತು ಎಂದು ಕೇಳಿದಾಗ ಅದನ್ನು ನನಗೇ ತೋರಿಸಿದರು.

"ಈಗ ನಾನೇನ್ ಮಾಡ್ಲಿ ಹೇಳಿ? ಅವರೇ ಒಪ್ಕೊಂಡಿದ್ದಾರಲ್ಲ."

"ಅದು ಒಪ್ಪಿದ್ದಲ್ಲ ಸರ್. ಅವರಿಂದ ಹೇಳಿಸಿದ್ದು."

"ಎಲ್ಲರ ಎದುರು, ಅವರ ಬಾಯಲ್ಲೇ ಹೇಳಿದ್ದಾರೆ. ಕೈ ತಪ್ಪಿತು ಅಂತ ನಿಮ್ಮ ಧಣಿ ಅಂದಾಗ ಇವರು ಸುಮ್ಮನಿದ್ದಾರೆ. ನೀವು ಬೇರೆ ಹೇಳ್ತೀರಿ. ನಾನು ಯಾರನ್ನ ನಂಬಲಿ?"

ಅಕ್ಕನ ಕೆಲಸ ಹೋಯಿತು. ಕೊಟ್ಟ ಕಾರಣ, ಪ್ರಾಣಿಯನ್ನು ಹಿಡಿದಿರುವಾಗ ಅಜಾಗರೂಕತೆ. ಹೊರಡುವ ದಿನ ಅವರು ನನ್ನೊಡನೆ ಬಾವಲಿಯ ಗೂಡಿನ ಮುಂದೆ ಬಂದು ನಿಂತರು. ದೀಪ ಹಾಕು ಎಂದರು. ಹೊಸ ಚರ್ಮದಲ್ಲಿ ಇನ್ನೂ ರಕ್ತನಾಳ ಬಂದಿರಲಿಲ್ಲ. ಬೆಳಕು ನೇರವಾಗಿ ಈಚೆಗೆ ಬರುತ್ತಿತ್ತು. ಅವರು ಅದನ್ನು ಪರೀಕ್ಷೆಯ ಪೇಪರ್ ನೋಡುವಂತೆ ನೋಡಿ, "ಕೈ ಬಿಡದೆ ಇದ್ರೆ ಮೊಣಕೈ ತನಕ ಹೋಗ್ತಿತ್ತು" ಎಂದರು. ನನಗೆ ಹೇಳಿದ್ದೋ ತಮಗೆ ಹೇಳಿಕೊಂಡದ್ದೋ ತಿಳಿಯಲಿಲ್ಲ.

ವೀಸಾ ರದ್ದಾದ ಮೇಲೆ ಇಲ್ಲಿ ಇರಲು ಸಿಗುವ ಅವಧಿ ಜನವರಿಗೆ ಮುಗಿಯುವುದಿತ್ತು. ಬೇರೆ ಕೆಲಸಕ್ಕೆ ಹೋದಲ್ಲೆಲ್ಲ ಆ ವೀಡಿಯೊ ಅವರಿಗಿಂತ ಮೊದಲು ಹೋಗಿತ್ತು. ಮಗಳನ್ನು ವಿಸಿಟ್ ವೀಸಾದಲ್ಲಿ ನಿಲ್ಲಿಸಿ ಪರೀಕ್ಷೆ ಬರೆಸೋಣ ಎಂದು ಗಂಡ ಓಡಾಡಿದರು. ನಮ್ಮ ಮನೆಯಲ್ಲೇ ಇರಲಿ, ನಮ್ಮ ಮಗಳ ಹಾಗೆ, ಎಂದು ಕಾರ್ಯದರ್ಶಿ ಮೊದಲು ಹೇಳಿದ್ದರು. ಡಿಸೆಂಬರಿನಲ್ಲಿ, ಊರಿಂದ ಅತ್ತೆ ಬರುತ್ತಾರೆ, ಕೋಣೆ ಇಲ್ಲ ಎಂದರು. ಅತ್ತೆ ಬರಲಿಲ್ಲ. ನಾನಿರುವುದು ಕೋಣೆಯಲ್ಲಿ ಒಂದೊಂದು ಮಂಚ ಬಾಡಿಗೆಗೆ ಕೊಡುವ ಗಂಡಸರ ಬೆಡ್‌ಸ್ಪೇಸ್‌ನಲ್ಲಿ, ಅಲ್ಲಿ ಹುಡುಗಿಯನ್ನು ಇಡುವ ಪ್ರಶ್ನೆಯಿಲ್ಲ. ಬೇರೆಯವರು ಧಣಿಯ ಮುಖ ನೋಡಿ ಹಿಂದೆ ಸರಿದರು. ಧಣಿ ಯಾರಿಗೂ ಬೇಡ ಎಂದಿರಲಿಕ್ಕಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮೂವರೂ ಜನವರಿಯಲ್ಲಿ ಹೊರಟರು. ಅಷ್ಟು ತಡವಾಗಿ ಪರೀಕ್ಷೆಯ ಕೇಂದ್ರ ಬದಲಾಗುವುದಿಲ್ಲ ಎಂದು ಶಾಲೆ ಹೇಳಿತು. ಹುಡುಗಿ ಆ ವರ್ಷ ಪರೀಕ್ಷೆ ಬರೆಯಲಿಲ್ಲ.

ನೋಡಿದವರ ಹೆಸರು ನಾನು ಬರೆಯುವುದಿಲ್ಲ, ಆದರೆ ಯಾರು ಯಾರು ಎಂದು ಹೇಳಬಲ್ಲೆ. ಚೇಟ ತೀರಿಹೋದರು. ಮರುವರ್ಷದ ರಂಜಾನಿನಲ್ಲಿ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನನ್ನ ಮಾತಿಗೆ ಜೊತೆ ನಿಂತಿದ್ದ ಒಂದೇ ಮಾತು ಹಾಗೆ ಹೋಯಿತು. ಧಣಿ ಇದ್ದಾರೆ, ಆರೋಗ್ಯವಾಗಿದ್ದಾರೆ, ಈಗಲೂ ಶಾಲು ಹೊದಿಸುತ್ತಾರೆ. ಸೋದರಳಿಯ ಇದ್ದಾನೆ. ಕಾರ್ಯದರ್ಶಿ ಈಗ ಸಂಘದ ಅಧ್ಯಕ್ಷರು. ಮ್ಯಾನೇಜರ್ ಅಬುಧಾಬಿಯಲ್ಲಿದ್ದಾರೆ, ಇನ್ನೂ ದೊಡ್ಡ ಕೆಲಸದಲ್ಲಿ. ಪೇಟ ಹಿಡಿದು ನಿಂತವನು ಶಾರ್ಜಾದಲ್ಲಿ ಅಂಗಡಿ ಇಟ್ಟಿದ್ದಾನೆ. ಕೇಳಿದರೆ, ನನಗೆ ಪೇಟ ಅಡ್ಡ ಬಂತು, ಕಾಣಲಿಲ್ಲ ಎನ್ನುತ್ತಾನೆ. ಅಕ್ಕ ಊರಿನಲ್ಲಿ ಟ್ಯೂಷನ್ ಹೇಳುತ್ತಾರೆ. ಫೋನ್ ಮಾಡಿದರೆ ಹವಾಮಾನ ಕೇಳುತ್ತಾರೆ, ಈ ವಿಷಯ ಎತ್ತಿದರೆ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎನ್ನುತ್ತಾರೆ. ಅವರ ಮಗಳು ಮುಂದಿನ ಸಾಲಿನಲ್ಲಿ, ದೀಪಕ್ಕೆ ಎದುರಾಗಿ ಕೂತಿದ್ದವಳು, ಅಮ್ಮನ ಕೈ ಬಿಚ್ಚಿಕೊಂಡದ್ದನ್ನೂ ಅದಕ್ಕೆ ಮೊದಲು ಶಾಲು ಎಳೆದದ್ದನ್ನೂ ನನ್ನಷ್ಟೇ ಸರಿಯಾಗಿ ನೋಡಿದ್ದಾಳೆ. ಹದಿನೈದು ವರ್ಷದ ಹುಡುಗಿಯನ್ನು ಯಾರೂ ಕೇಳಲಿಲ್ಲ. ಅವಳು ಇದ್ದಾಳೆ.